ಅಕ್ಕ-ತಮ್ಮ ಲಾಂಡ್ರಿಯ ರೇಸುಗಾಡಿ

ಜನವರಿ ೯

ಗಡಿಬಿಡಿಗೆ,

ಈ ಹೆಸರು ಹಿಡಿದು ಕರೆದರೆ ಈಗಲೂ ತಿರುಗಿ ನೋಡುತ್ತೀಯೋ ಇಲ್ಲವೋ ಗೊತ್ತಿಲ್ಲ. ಮೂರು ವರ್ಷದಿಂದ ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಲಾಂಡ್ರಿ ನೋಡಿಕೋ ಎಂದು ನಾನು, ನನ್ನಿಂದಾಗದು ಎಂದು ನೀನು. ಮಾತು ಅಲ್ಲಿಗೇ ನಿಂತಿತು. ಇವತ್ತು ಬರೆಯುವುದಕ್ಕೆ ನನ್ನ ದೊಡ್ಡ ಮನಸ್ಸೇನೂ ಕಾರಣವಲ್ಲ, ಒಂದು ಪ್ಯಾಂಟು ಕಾರಣ.

ನಮ್ಮ ಅಂಗಡಿಯ ಮೊದಲ ಪಾಠ ನೆನಪಿರಬೇಕು: ಜೇಬು ನೋಡದೆ ಬಟ್ಟೆ ನೀರಿಗೆ ಹಾಕಬಾರದು. ನೀನು ಆ ಪಾಠ ಮರೆತು ಯಾರದೋ ಬಸ್ ಪಾಸನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕೊಟ್ಟವನು. ನಾನು ಮರೆಯುವವಳಲ್ಲ. ನಿನ್ನೆ ಒಂದು ಪ್ಯಾಂಟಿನ ಹಿಂದಿನ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಕರಪತ್ರ ಸಿಕ್ಕಿತು. ‘ಡ್ರ್ಯಾಗ್ ರೇಸ್, ಪ್ರತಿ ತಿಂಗಳು, ಹಳೇ ವಿಮಾನ ನಿಲ್ದಾಣ, ಎಲ್ಲರಿಗೂ ಸ್ವಾಗತ’ ಎಂದಿತ್ತು. ಕೆಳಗೆ ಒಂದು ಕಾರು, ಅದರ ಪಕ್ಕ ಹೆಲ್ಮೆಟ್ ಹಾಕಿಕೊಂಡ ಒಬ್ಬ ಆಸಾಮಿ. ಮುಖ ಕಾಣುವುದಿಲ್ಲ. ಆದರೆ ಎಡಭುಜ ಹಾಗೆ ಮೇಲೆತ್ತಿಕೊಂಡು ನಿಲ್ಲುವವನು ಈ ಭೂಮಿಯ ಮೇಲೆ ಒಬ್ಬನೇ.

ಇಸ್ತ್ರಿಯಣ್ಣನಿಗೆ ತೋರಿಸಿದೆ. ಅವನು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಕನ್ನಡಕ ಹಾಕಿಕೊಂಡು, “ಡ್ರ್ಯಾಗ್ ಅಂದ್ರೆ ಎಳೆಯೋದು ಅಮ್ಮ. ಗಾಡಿ ಕೆಟ್ಟು ನಿಂತಿರ್ಬೇಕು, ಎಳ್ಕೊಂಡು ಹೋಗೋ ಪಂದ್ಯ” ಎಂದ. ಅಷ್ಟು ದೂರ ಹೋಗಿ ನೀನು ಕೆಟ್ಟ ಗಾಡಿ ಎಳೆಯುತ್ತಿರಲಾರೆ ಎಂದುಕೊಂಡಿದ್ದೇನೆ. ಏನದು? ಎಷ್ಟು ಹೊತ್ತು ನಡೆಯುತ್ತದೆ? ಯಾರು ನೋಡಲು ಬರುತ್ತಾರೆ? ಗೆದ್ದವನಿಗೆ ಏನಾಗುತ್ತದೆ, ಸೋತವನು ಎಲ್ಲಿ ಹೋಗುತ್ತಾನೆ? ನನಗೆ ರಾತ್ರಿಯೆಲ್ಲ ಇದೇ ಯೋಚನೆ.

ಫೋನ್ ಮಾಡಬೇಡ. ಬಟ್ಟೆ ಒಣಗಿಸುವ ಯಂತ್ರದ ಪಕ್ಕ ನಿಂತೂ ನಿಂತೂ ಕಿವಿ ಮಂದವಾಗಿದೆ. ಫೋನಿನಲ್ಲಿ ಯಾರು ಮಾತಾಡಿದರೂ ನೊಣ ಗುಂಯ್‌ಗುಟ್ಟಿದ ಹಾಗಿರುತ್ತದೆ. ಕಾಗದ ಬರಿ.

ಕುತೂಹಲದಿಂದ ನಿದ್ದೆಗೆಟ್ಟ,
ನಿನ್ನ ಅಕ್ಕ


ಜನವರಿ ೨೨

ಅಕ್ಕನಿಗೆ,

ತಿರುಗಿ ನೋಡಿದೆ. ಲಕೋಟೆಯ ಮೇಲಿನ ಅಕ್ಷರ ಕಂಡಾಗಲೇ ಬೈಗುಳ ಬಂತು ಎಂದುಕೊಂಡು ಎರಡು ದಿನ ಒಡೆಯಲಿಲ್ಲ. ಒಡೆದ ಮೇಲೆ ಬಸ್ ಪಾಸಿನ ಸಾಲಿಗೆ ಬಂದು ನಕ್ಕೆ. ನಕ್ಕು ತುಂಬಾ ದಿನವಾಗಿತ್ತು.

ಎಳೆಯುವುದಲ್ಲ, ಓಡಿಸುವುದು. ಎರಡು ಗಾಡಿ ಅಕ್ಕಪಕ್ಕ ನಿಲ್ಲುತ್ತವೆ. ಎದುರಿಗೆ ಒಂದು ಕಂಬ, ಅದರಲ್ಲಿ ದೀಪ. ಹಳದಿ, ಹಳದಿ, ಹಳದಿ, ಹಸಿರು. ಹಸಿರು ಬಂದ ಕೂಡಲೇ ನೆಟ್ಟಗೆ ಕಾಲು ಮೈಲಿ. ತಿರುವಿಲ್ಲ, ಉಬ್ಬಿಲ್ಲ, ಎದುರು ಬರುವವರಿಲ್ಲ. ಮೊದಲು ಗೆರೆ ದಾಟಿದವನು ಗೆದ್ದ. ಹಸಿರಿಗೆ ಮೊದಲೇ ಹೊರಟರೆ ಕೆಂಪು ಹತ್ತುತ್ತದೆ, ಸೋತ ಹಾಗೆ. ನನ್ನ ಗಾಡಿಗೆ ಹನ್ನೆರಡು ಸೆಕೆಂಡು ಬೇಕು. ಅದು ಯಾರೋ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದ ಹಳೇ ಕಾರು. ಎಂಜಿನ್ ಬದಲಾಯಿಸಿದೆ, ಪಕ್ಕದ ಸೀಟು, ಹಿಂದಿನ ಸೀಟು ಎರಡೂ ಕಿತ್ತು ಹಾಕಿದೆ. ಭಾರ ಎಷ್ಟು ಕಡಿಮೆಯೋ ಅಷ್ಟು ವೇಗ.

ನಾನು ಬರೀ ಓಡಿಸುವವನಲ್ಲ ಅಕ್ಕ, ಈಗ ನಡೆಸುವವನೂ ನಾನೇ. ಮೊದಲು ನಡೆಸುತ್ತಿದ್ದವರು ಕೈಬಿಟ್ಟರು. ಕರಪತ್ರ ಬರೆದದ್ದು, ಹಂಚಿದ್ದು, ಎಲ್ಲ ನಾನು. ಐನೂರು ಜನ ಕೂರುವ ಗ್ಯಾಲರಿ ಇದೆ. ಬರುವವರು ಅರವತ್ತು, ಅದರಲ್ಲಿ ಅರ್ಧ ಓಡಿಸುವವರ ಅತ್ತೆ, ಮಾವ, ಭಾವಮೈದುನಂದಿರು. ಜಾಗದ ಯಜಮಾನರಿಗೆ ಬೇಸರ ಬಂದಿದೆ. ಜೂನ್ ತಿಂಗಳ ರೇಸಿನ ಹೊತ್ತಿಗೆ ಜನ ಕಾಣಬೇಕು, ಬೆನ್ನಿಗೆ ನಿಲ್ಲುವ ಪ್ರಾಯೋಜಕರು ಕಾಣಬೇಕು. ಇಲ್ಲದಿದ್ದರೆ ರನ್‌ವೇ ಮೇಲೆ ಗೋಡೌನ್ ಕಟ್ಟುವವರಿಗೆ ಕೊಟ್ಟುಬಿಡುತ್ತೇನೆ ಎಂದಿದ್ದಾರೆ. ನನಗೆ ಬರುವುದು ಇದೊಂದೇ. ಇದು ಹೋದರೆ ಮುಂದೇನು ಎಂದು ಯೋಚಿಸಲು ಹೆದರಿಕೆಯಾಗುತ್ತದೆ.

ಹೋದ ವಾರ ಬ್ಯಾಟರಿ ಅಂಗಡಿಯವರ ಹತ್ತಿರ ಹೋಗಿ, ನಿಮ್ಮ ಅಂಗಡಿ ಹೆಸರು ನನ್ನ ಗಾಡಿ ಮೇಲೆ ಬರೆಸುತ್ತೇನೆ ಎಂದೆ. ಅವರು, “ನೀನು ಹೋಗೋ ಸ್ಪೀಡಿಗೆ ನನ್ನ ಹೆಸರು ಓದ್ಬೇಕಂದ್ರೆ ಜನ ಹಿಂದೆ ಓಡಿ ಬರ್ಬೇಕಾ?” ಎಂದು ಕೇಳಿದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಎದ್ದು ಬಂದೆ.

ನೀನು ಇಷ್ಟು ವರ್ಷ ಅಂಗಡಿ ನಡೆಸಿದವಳು. ಗಿರಾಕಿ ಹೇಗೆ ಬರುತ್ತಾರೆ?

ತಮ್ಮ


ಫೆಬ್ರವರಿ ೩

ಗಡಿಬಿಡಿಗೆ,

ಹನ್ನೆರಡು ಸೆಕೆಂಡು. ನಾನು ಗಡಿಯಾರ ನೋಡಿಕೊಂಡು ಒಂದು ಅಂಗಿ ಮಡಿಸಿದೆ. ಕಾಲರಿಗೆ ಬರುವುದರೊಳಗೆ ನಿನ್ನ ರೇಸು ಮುಗಿದಿತ್ತು. ನಿನಗೆ ಚಿಕ್ಕಂದಿನಲ್ಲಿ ಈ ಹೆಸರು ಇಟ್ಟವರಿಗೆ ನಮಸ್ಕಾರ ಹೇಳಬೇಕು.

ಈಗ ಹೇಳು. ಒಂದು ಜೋಡಿ ಹೋದ ಮೇಲೆ ಇನ್ನೊಂದು ಜೋಡಿ ಬರುವವರೆಗೆ ಜನ ಏನು ಮಾಡುತ್ತಾರೆ? ಬಿಸಿಲಿಗೆ ನೆರಳಿದೆಯೇ? ಹೆಂಗಸರಿಗೆ ಶೌಚಾಲಯ ಇದೆಯೇ? ಇದ್ದರೆ ಬಾಗಿಲಿಗೆ ಚಿಲಕ ಇದೆಯೇ? ನೀನು ಓಡಿಸುವವರಿಗೆ ಏನು ಬೇಕು ಎಂದು ಯೋಚಿಸಿದ್ದೀಯ. ಮೂರು ಗಂಟೆ ಕೂತು ನೋಡುವವಳಿಗೆ ಏನು ಬೇಕು ಎಂದು ಯೋಚಿಸಿಲ್ಲ. ಆ ಗಾಡಿಗಳನ್ನು ರಿಪೇರಿ ಮಾಡುವುದು ಎಲ್ಲಿ? ಅಲ್ಲಿಗೆ ಜನ ಹೋಗಬಹುದೇ?

ಅಂಗಡಿಯ ಕಥೆ ಒಂದು ಹೇಳುತ್ತೇನೆ. ನೀನು ಹೋದ ವರ್ಷ ಒಗೆಯುವ ಯಂತ್ರದ ಎದುರಿನ ಗೋಡೆ ಬಿರುಕು ಬಿಟ್ಟಿತು. ಮತ್ತೆ ಇಟ್ಟಿಗೆ ಕಟ್ಟಿಸುವ ಬದಲು ಗಾಜು ಹಾಕಿಸಿದೆ. ಬೀದಿಯಲ್ಲಿ ಹೋಗುವವರು ನಿಂತು ಯಂತ್ರ ತಿರುಗುವುದನ್ನು ನೋಡತೊಡಗಿದರು. ಒಬ್ಬ ಮೇಷ್ಟ್ರು ದಿನಾ ಸಂಜೆ ಬಂದು ಹತ್ತು ನಿಮಿಷ ನಿಲ್ಲುತ್ತಾರೆ. ಕೇಳಿದರೆ, “ಒಳಗೆ ಏನಾಗ್ತಿದೆ ಅಂತ ಗೊತ್ತಾದ್ರೆ ಸಮಾಧಾನ ಕಣಮ್ಮ” ಎನ್ನುತ್ತಾರೆ. ಈಗ ಅವರ ಮನೆಯ ಪರದೆಗಳೆಲ್ಲ ನಮ್ಮಲ್ಲಿಗೇ ಬರುತ್ತವೆ. ಜನರಿಗೆ ಫಲಿತಾಂಶಕ್ಕಿಂತ ಒಳಗಿನ ಗಡಿಬಿಡಿ ಇಷ್ಟ. ನಿನ್ನ ಗೋಡೆ ಯಾವುದು ನೋಡಿಕೋ.

ಪಕ್ಕದ ಸೀಟು ಕಿತ್ತ ಸಂಗತಿ ಓದಿ ಒಂದು ಥರ ಆಯಿತು. ಯಾರನ್ನೂ ಕೂರಿಸಿಕೊಂಡು ಹೋಗುವ ಯೋಚನೆಯೇ ಇಲ್ಲದ ಗಾಡಿ. ಹೋಗಲಿ ಬಿಡು, ನನಗೆ ವೇಗದ ಲೆಕ್ಕ ತಿಳಿಯದು.

ಚಿಲಕದ ವಿಷಯ ಮರೆಯಬೇಡ,
ಅಕ್ಕ


ಫೆಬ್ರವರಿ ೨೬

ಅಕ್ಕ,

ಚಿಲಕ ಇರಲಿಲ್ಲ. ಬಾಗಿಲೇ ಇರಲಿಲ್ಲ. ಈಗ ಎರಡೂ ಇವೆ.

ನಮ್ಮ ಗೋಡೆ ಒಂದು ಹಗ್ಗ. ರಿಪೇರಿ ಶೆಡ್ಡುಗಳ ಸುತ್ತ ‘ಪ್ರವೇಶವಿಲ್ಲ’ ಎಂದು ಬೋರ್ಡು ನೇತು ಹಾಕಿ ಹಗ್ಗ ಕಟ್ಟಿದ್ದೆವು. ಯಾಕೆ ಕಟ್ಟಿದೆವು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಈ ತಿಂಗಳು ಬಿಚ್ಚಿದೆವು. ನಮ್ಮಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾಳೆ, ಎಲ್ಲರೂ ಪಾನಾ ಎಂದೇ ಕರೆಯುವುದು, ಯಾಕೆಂದರೆ ಊಟಕ್ಕೆ ಕೂತಾಗಲೂ ಅವಳ ಕೈಯಲ್ಲಿ ನಟ್ಟು ಬಿಗಿಯುವ ಒಂದು ಪಾನಾ ಇರುತ್ತದೆ. ನನ್ನ ಗಾಡಿ ನೋಡಿಕೊಳ್ಳುವವಳು ಅವಳೇ. ಬಾಯಿ ಬಿಟ್ಟರೆ ಒಂದೇ ಮಾತು ಆಡುವವಳು. ಅವಳ ಸುತ್ತ ಜನ ಮುತ್ತಿಕೊಂಡು, ಟೈರಿನಲ್ಲಿ ಹೊಗೆ ಬರಿಸುವುದು ಯಾಕೆ, ಎಂಜಿನ್ ಮುಟ್ಟಿ ನೋಡಬಹುದಾ, ನಿಮಗೆ ಮದುವೆ ಆಗಿದೆಯಾ ಎಂದೆಲ್ಲ ಕೇಳಿದರು. ಮೊದಲೆರಡಕ್ಕೆ ಅವಳು ಅರ್ಧ ಗಂಟೆ ಉತ್ತರ ಕೊಟ್ಟಳು. ಟೈರು ಬಿಸಿಯಾದರೆ ನೆಲಕ್ಕೆ ಅಂಟುತ್ತದೆ, ಅದಕ್ಕೇ ನಿಂತಲ್ಲೇ ತಿರುಗಿಸಿ ಹೊಗೆ ಎಬ್ಬಿಸುವುದು ಎಂದು ಅವಳ ಬಾಯಲ್ಲಿ ಕೇಳಿದವರು, ಆಮೇಲೆ ಗ್ಯಾಲರಿಯಲ್ಲಿ ಕೂತು ಪಕ್ಕದವರಿಗೆ ತಾವೇ ಕಂಡುಹಿಡಿದವರ ಹಾಗೆ ಹೇಳುತ್ತಿದ್ದರು. ಜನ ಹಿಂದಿನ ಸಲದ ಎರಡರಷ್ಟಿದ್ದರು.

ಒಂದೇ ತೊಂದರೆ. ನಮ್ಮ ರೇಸ್ ಸೂಟುಗಳು ಬಿಳಿ, ಅಂದರೆ ಒಂದು ಕಾಲದಲ್ಲಿ ಬಿಳಿ ಇದ್ದವು. ಈಗ ಗ್ರೀಸು, ಎಣ್ಣೆ, ರಬ್ಬರಿನ ಮಸಿ. ಒಬ್ಬ ತಾಯಿ ಮಗುವನ್ನು ಫೋಟೋಗೆ ನನ್ನ ಪಕ್ಕ ನಿಲ್ಲಿಸಲು ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಗುವಿನ ಕೈ ಹಿಡಿದು ವಾಪಸ್ ಕರೆದುಕೊಂಡು ಹೋದಳು.

ಪ್ರಾಯೋಜಕರು ಇನ್ನೂ ಸಿಕ್ಕಿಲ್ಲ. ಟೈರು ಅಂಗಡಿ, ಬಣ್ಣದ ಅಂಗಡಿ, ಪೆಟ್ರೋಲ್ ಬಂಕು, ಕನ್ನಡಕದ ಅಂಗಡಿ ಎಲ್ಲ ಮುಗಿಯಿತು. ಎಲ್ಲರದೂ ಅದೇ ಮಾತು: ಓಡುವ ಗಾಡಿಯ ಮೇಲಿನ ಹೆಸರು ಯಾರಿಗೆ ಕಾಣುತ್ತದೆ?

ತಮ್ಮ


ಮಾರ್ಚ್ ೧೦

ಗಡಿಬಿಡಿಗೆ,

ಸೂಟುಗಳನ್ನೆಲ್ಲ ಮೂಟೆ ಕಟ್ಟಿ ಬಸ್ಸಿನ ಪಾರ್ಸೆಲ್ಲಿಗೆ ಹಾಕು. ಎಷ್ಟಿದ್ದರೂ ಸರಿ. ಮಗುವನ್ನು ವಾಪಸ್ ಕರೆದುಕೊಂಡು ಹೋದ ಆ ತಾಯಿಯ ಮಾತು ಓದಿ ನನಗೆ ತಡೆಯಲಾಗಲಿಲ್ಲ. ಒಗೆಯುವವಳ ತಮ್ಮ ಕೊಳಕು ಬಟ್ಟೆಯಲ್ಲಿ ಊರಿನವರ ಮುಂದೆ ನಿಲ್ಲುವುದೆಂದರೇನು?

ಇದಕ್ಕೆ ಬಿಲ್ಲು ಗಿಲ್ಲು ಎಂದು ತಲೆ ಕೆಡಿಸಿಕೊಳ್ಳಬೇಡ. ಇಸ್ತ್ರಿಯಣ್ಣ ಆಗಲೇ ತೋಳು ಮಡಿಸಿಕೊಂಡು ನಿಂತಿದ್ದಾನೆ.

ಅಕ್ಕ


ಮಾರ್ಚ್ ೩೦

ಅಕ್ಕ,

ಸೂಟುಗಳು ಬಂದವು. ಪೆಟ್ಟಿಗೆ ತೆಗೆದಾಗ ಕಣ್ಣು ಕೋರೈಸಿತು. ಅಷ್ಟು ಬಿಳುಪನ್ನು ನಾವು ಅಂಗಡಿಯಲ್ಲಿ ಕೊಂಡಾಗಲೂ ಕಂಡಿರಲಿಲ್ಲ.

ಆದರೆ ಗಂಜಿ ಹಾಕಿದ್ದೀರಿ. ಸೂಟು ನೆಲಕ್ಕಿಟ್ಟರೆ ತಾನೇ ನಿಲ್ಲುತ್ತಿತ್ತು. ಸಮಯ ಇರಲಿಲ್ಲ, ಬೇರೆ ಬಟ್ಟೆ ಇರಲಿಲ್ಲ, ಎಲ್ಲರೂ ಅದನ್ನೇ ಹಾಕಿಕೊಂಡು ಸಾಲಾಗಿ ಹೊರಗೆ ಬಂದೆವು. ಮಂಡಿ ಮಡಚುವುದಿಲ್ಲ, ಮೊಣಕೈ ಮಡಚುವುದಿಲ್ಲ. ಹಲಗೆಗಳು ಮೆರವಣಿಗೆ ಹೊರಟ ಹಾಗಿತ್ತು. ಗ್ಯಾಲರಿ ಬಿದ್ದು ಬಿದ್ದು ನಕ್ಕಿತು. ನನ್ನನ್ನು ಗಾಡಿಯೊಳಗೆ ಕೂರಿಸಲು ಪಾನಾ ಹಿಂದಿನಿಂದ ತಳ್ಳಬೇಕಾಯಿತು. ಮೈಕಿನಲ್ಲಿ ಹೇಳುವವರು ಅದನ್ನೂ ವರ್ಣಿಸಿದರು.

ನಗುವ ವಿಷಯವಲ್ಲ ಅಕ್ಕ. ಅದು ಬೆಂಕಿ ತಡೆಯುವ ಬಟ್ಟೆ. ಗಂಜಿ ಹಾಕಿದರೆ ಬೆಂಕಿಗೆ ಕರೆದು ಮಣೆ ಹಾಕಿದ ಹಾಗೆ. ನಮ್ಮ ಸುರಕ್ಷತೆ ನೋಡಿಕೊಳ್ಳುವವರು ಬಟ್ಟೆ ಮುಟ್ಟಿ ನೋಡಿ ರೇಸು ನಿಲ್ಲಿಸಿಬಿಟ್ಟರು. ಜನ ಒಂದು ಜೋಡಿಯೂ ಓಡುವುದನ್ನು ನೋಡದೆ ಮನೆಗೆ ಹೋದರು. ಒಂದು ತಿಂಗಳ ಕೆಲಸ ನೀರಿಗೆ ಹೋಯಿತು. ಕೇಳಿ ಮಾಡಬೇಕಿತ್ತು. ನಿನಗೆ ಯಾವಾಗಲೂ ಹಾಗೇ, ಎಲ್ಲರನ್ನೂ ನಿನ್ನ ಅಂಗಡಿಯ ಲೆಕ್ಕದಲ್ಲೇ ಮಡಿಸಿಡಬೇಕು. ನಾನು ಲಾಂಡ್ರಿ ಬಿಟ್ಟು ಬಂದದ್ದು ಇದಕ್ಕೇ.

ತಮ್ಮ


ಏಪ್ರಿಲ್ ೨೧

ಅಕ್ಕನಿಗೆ,

ಮೂರು ವಾರವಾಯಿತು, ನಿನ್ನಿಂದ ಕಾಗದವಿಲ್ಲ. ಹಿಂದಿನ ಕಾಗದದ ಕೊನೆಯ ಸಾಲು ಬರೆಯಬಾರದಿತ್ತು. ಅಂಚೆಪೆಟ್ಟಿಗೆಯೊಳಗೆ ಕೈ ಹಾಕಿ ತೆಗೆಯಲು ಆಗಿದ್ದರೆ ಆವತ್ತೇ ತೆಗೆಯುತ್ತಿದ್ದೆ. ಬೇಜಾರಾಗಿದ್ದರೆ ಬೈದು ಬರಿ. ಸುಮ್ಮನಿರಬೇಡ. ಮೂರು ವರ್ಷ ಸುಮ್ಮನಿದ್ದದ್ದು ಸಾಕು.

ಗಂಜಿಯ ಕಥೆ ನಾನು ಅಂದುಕೊಂಡ ಹಾಗೆ ಮುಗಿಯಲಿಲ್ಲ. ನಾವು ಮೂರು ನೀರಿನಲ್ಲಿ ಜಾಲಿಸಿ ಒಣಗಿಸಿದೆವು. ಸುರಕ್ಷತೆಯವರು ನೋಡಿ ಒಪ್ಪಿದರು. ಹೋದ ಭಾನುವಾರದ ರೇಸಿಗೆ ಜನ ಬಂದರು ನೋಡು, ಹಗ್ಗ ಬಿಚ್ಚಿದಾಗಲೂ ಅಷ್ಟು ಬಂದಿರಲಿಲ್ಲ. ಟಿಕೆಟ್ ಕಿಟಕಿಯಲ್ಲಿ ಕೇಳುತ್ತಿದ್ದದ್ದು, “ಆ ಸೆಟೆದುಕೊಂಡು ನಡೆಯೋರು ಇವತ್ತೂ ಬರ್ತಾರಾ?” ಎಂದು. ಬ್ಯಾಟರಿ ಅಂಗಡಿಯವರೂ ಬಂದಿದ್ದರು. ಕೊನೆಯವರೆಗೂ ಕೂತಿದ್ದರು. ಹೋಗುವಾಗ, “ಚೆನ್ನಾಗಿದೆ. ಆದ್ರೆ ನನ್ನ ಪ್ರಶ್ನೆಗೆ ನೀನಿನ್ನೂ ಉತ್ತರ ಹೇಳಿಲ್ಲ” ಎಂದರು.

ಆವತ್ತು ನಾನು ಗೆದ್ದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ, ಅದಕ್ಕೆ ನಿನಗೆ ಬರೆಯುತ್ತಿದ್ದೇನೆ.

ತಮ್ಮ


ಮೇ ೨

ಗಡಿಬಿಡಿಗೆ,

ನೀನು ಗೆದ್ದದ್ದು ನನಗೆ ಗೊತ್ತು. ನಾನು ಅಲ್ಲಿದ್ದೆ.

ನನಗೆ ಹಲ್ಲುನೋವು, ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಇಸ್ತ್ರಿಯಣ್ಣನಿಗೆ ಸುಳ್ಳು ಹೇಳಿ ಬೆಳಗಿನ ಬಸ್ಸು ಹತ್ತಿದೆ. ಟಿಕೆಟ್ ಕೊಂಡು ಗ್ಯಾಲರಿಯ ಮೂರನೇ ಮೆಟ್ಟಿಲಲ್ಲಿ ಕೂತೆ. ಶೆಡ್ಡಿಗೆ ಬರಬಹುದಿತ್ತು. ಆ ಕೊನೆಯ ಸಾಲು ಕಾಲಿಗೆ ಅಡ್ಡ ಬಂತು. ಸಿಟ್ಟು ಇಳಿದಿತ್ತು, ಆದರೂ ಅಡ್ಡ ಬಂತು. ಗಂಜಿಯ ವಿಷಯದಲ್ಲಿ ತಪ್ಪು ನನ್ನದೇ. ಬಿಳಿ ಬಟ್ಟೆ ಬಂದರೆ ಗಂಜಿ ಹಾಕುವುದು ನಮಗೆ ಉಸಿರಾಡಿದಷ್ಟು ಸಹಜ, ಕೇಳಬೇಕೆಂದು ಹೊಳೆಯಲೇ ಇಲ್ಲ.

ಈಗ ನಾನು ಕಂಡದ್ದು ಹೇಳುತ್ತೇನೆ. ನಿನ್ನ ರೇಸು ಶುರುವಾಗುವುದು ದೀಪದಿಂದ, ಶಿಳ್ಳೆಯಿಂದ ಅಲ್ಲ. ಹಾಗಾಗಿ ಮೊದಲ ಬಾರಿಗೆ ಒಂದು ಜಾತ್ರೆಯಷ್ಟು ಜನರ ನಡುವೆ ಕೂತು ನನಗೆ ಏನೂ ತಪ್ಪಿಹೋಗಲಿಲ್ಲ. ಮೈಕಿನವರು ಏನು ಹೇಳುತ್ತಿದ್ದರೋ ಯಾರಿಗೂ ಕೇಳಿಸುತ್ತಿರಲಿಲ್ಲ, ಎಲ್ಲರೂ ನನ್ನಷ್ಟೇ ಕಿವುಡರು. ಮತ್ತೆ ಆ ಶಬ್ದ. ಅದು ಕಿವಿಗೆ ಬರಲಿಲ್ಲ, ಎದೆಗೂಡಿಗೆ ಬಂತು. ಎಷ್ಟೋ ವರ್ಷದ ಮೇಲೆ ಒಂದು ಶಬ್ದ ನನ್ನನ್ನು ಮುಟ್ಟಿತು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಹಸಿರು ಹತ್ತಿತು, ನೀನು ಹೋದೆ. ಕಣ್ಣು ಮುಚ್ಚಿ ಬಿಡುವುದರೊಳಗೆ ಚುಕ್ಕೆಯಾದೆ. ಪಕ್ಕದವರು ಚಪ್ಪಾಳೆ ತಟ್ಟಿದರು, ಗೆದ್ದಿರಬೇಕು ಎಂದುಕೊಂಡೆ. ಆಮೇಲೆ ನೀನು ವಾಪಸ್ ಬರುತ್ತೀಯ ಎಂದು ಕಾದೆ. ಗಾಡಿ ನಿಧಾನ ಬರುವಾಗಲಾದರೂ ಹೆಲ್ಮೆಟ್ ತೆಗೆದಿರುತ್ತೀಯ, ಮುಖ ನೋಡೋಣ ಎಂದು. ಇನ್ನೊಂದು ಜೋಡಿ ಹೋಯಿತು, ಮತ್ತೊಂದು ಹೋಯಿತು. ಹೋದವರು ಯಾರೂ ತಿರುಗಿ ಬರಲಿಲ್ಲ. ಪಕ್ಕದ ಹೆಂಗಸನ್ನು ಕೇಳಿದೆ. ಅವಳು ಕೈ ತೋರಿಸಿದಳು, ಶೆಡ್ಡುಗಳ ಬೆನ್ನ ಹಿಂದೆ ಒಂದು ದಾರಿ, ಎಲ್ಲರೂ ಅಲ್ಲಿಂದ ಕದ್ದು ಬರುವವರ ಹಾಗೆ ಬರುತ್ತಾರೆ. ಗ್ಯಾಲರಿ ಖಾಲಿಯಾಗುವವರೆಗೆ ಕೂತಿದ್ದು ಸಂಜೆಯ ಬಸ್ಸು ಹಿಡಿದೆ. ನೀನು ಹೋಗುವುದನ್ನು ನಾನು ಇದು ಎರಡನೇ ಸಲ ನೋಡುತ್ತಿರುವುದು. ಬರುವುದನ್ನು ಒಮ್ಮೆಯೂ ನೋಡಿಲ್ಲ.

ಬಸ್ಸಿನಲ್ಲಿ ಕೂತಾಗ ಬ್ಯಾಟರಿಯವರಿಗೆ ಉತ್ತರ ಸಿಕ್ಕಿತು. ಹೆಸರು ಓದುವುದು ಹೋಗುವಾಗ ಅಲ್ಲ, ಬರುವಾಗ. ವಾಪಸ್ ಬರುವ ದಾರಿಯನ್ನು ಗ್ಯಾಲರಿಯ ಮುಂದೆ ತಾ. ನಿಧಾನವಾಗಿ ಬನ್ನಿ, ಕಿಟಕಿ ಇಳಿಸಿ ಬನ್ನಿ. ಗೆದ್ದವರ ಮುಖ ಹೇಗಿರುತ್ತದೆ, ಸೋತವರ ಮುಖ ಹೇಗಿರುತ್ತದೆ ಎಂದು ಜನ ನೋಡಲಿ. ಮುಖ ನೋಡಿದವರು ಮುಂದಿನ ತಿಂಗಳು ಆ ಮುಖಕ್ಕಾಗಿ ಬರುತ್ತಾರೆ. ಮುಖದ ಕೆಳಗೇ ಬಾಗಿಲು, ಬಾಗಿಲ ಮೇಲೇ ಹೆಸರು.

ಇನ್ನೊಂದು ಮಾತು. ಬ್ಯಾಟರಿ, ಟೈರು, ಬಣ್ಣ, ಪೆಟ್ರೋಲು, ಕನ್ನಡಕ, ಎಲ್ಲರನ್ನೂ ನೀನು ಕೇಳಿದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನನ್ನನ್ನು ಮಾತ್ರ ಯಾಕೆ ಕೇಳಲಿಲ್ಲ?

ಅಕ್ಕ


ಮೇ ೧೬

ಅಕ್ಕ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಮೂರನೇ ಮೆಟ್ಟಿಲು ಎಲ್ಲಿದೆ ಎಂದು ಹೋಗಿ ನೋಡಿ ಬಂದೆ. ಅಲ್ಲಿ ಕೂತರೆ ಶೆಡ್ಡಿನ ಕಡೆ ಬರೀ ತಗಡು ಕಾಣುತ್ತದೆ, ನಾವು ವಾಪಸ್ ಬರುವ ದಾರಿ ಕಾಣುವುದಿಲ್ಲ.

ಯಾಕೆ ಕೇಳಲಿಲ್ಲ ಎಂದರೆ, ಬೋರ್ಡಿಗೆ ಹೆದರಿ. ‘ಅಕ್ಕ-ತಮ್ಮ ಲಾಂಡ್ರಿ’ ಎಂದು ಅಮ್ಮ ಬರೆಸಿದ ಬೋರ್ಡು. ನಾನು ಹೊರಟ ದಿನ ನೀನು ಏಣಿ ತರಿಸಿ ಗೋಡೆಗೆ ಒರಗಿಸಿದ್ದೆ. ಬೀದಿಯ ತಿರುವಿನಿಂದ ನೋಡಿದೆ. ‘ತಮ್ಮ’ನನ್ನು ಅಳಿಸಲಿಕ್ಕೆ ಎಂದುಕೊಂಡೆ. ಅಳಿಸಿದ ಅಂಗಡಿಯ ಹೆಸರನ್ನು ಯಾವ ಮುಖ ಹೊತ್ತು ಕೇಳಲಿ, ಗಾಡಿಯ ಮೇಲೆ ಏನೆಂದು ಬರೆಸಲಿ? ಅದಕ್ಕೇ ಬ್ಯಾಟರಿಯವರ ನಗುವೇ ಮೇಲು ಎನ್ನಿಸಿತು.

ದಾರಿಯ ವಿಷಯ ಎಲ್ಲರ ಮುಂದಿಟ್ಟೆ. ಹಿಂದಿನಿಂದ ಬರುವುದು ಮೊದಲಿನಿಂದ ನಡೆದು ಬಂದದ್ದು, ಅದಕ್ಕೊಂದು ಕಾರಣ ಇರಲೇಬೇಕು ಎಂದು ಒಬ್ಬ ವಾದಿಸಿದ. ಏನು ಕಾರಣ ಎಂದರೆ ಹುಡುಕಿ ಹೇಳುತ್ತೇನೆ ಎಂದ. ಇನ್ನೊಬ್ಬ ನಿಜ ಹೇಳಿದ: “ಸೋತು ಬರ್ತೀವಲ್ಲ, ಅಷ್ಟು ಜನರ ಮುಂದೆ ಯಾಕೆ ಬರ್ಬೇಕು?” ಆಗ ಪಾನಾ, “ಗಂಜಿ ಬಟ್ಟೇಲಿ ಬಂದಾಯ್ತು. ಇನ್ನು ಮಾನ ಎಲ್ಲಿ ಉಳಿದಿದೆ?” ಎಂದಳು. ಅಲ್ಲಿಗೆ ತೀರ್ಮಾನವಾಯಿತು.

ಗ್ಯಾಲರಿಯ ಮುಂದೆ, ಒಂದು ಕಾಲದಲ್ಲಿ ವಿಮಾನಗಳು ನಿಧಾನ ಸಾಗುತ್ತಿದ್ದ ಒಂದು ದಾರಿ ಇದೆ, ಹುಲ್ಲು ಮುಚ್ಚಿಕೊಂಡಿತ್ತು. ವಾರದಿಂದ ಎಲ್ಲರೂ ಸೇರಿ ಸವರುತ್ತಿದ್ದೇವೆ. ಓಟದ ದಾರಿಗೂ ಅದಕ್ಕೂ ನಡುವೆ ಕಾಂಕ್ರೀಟಿನ ಗೋಡೆ ಇದೆ, ಸುರಕ್ಷತೆಯವರು ಒಪ್ಪಿದ್ದಾರೆ.

ಈಗ ಕ್ರಮವಾಗಿ ಕೇಳುತ್ತಿದ್ದೇನೆ. ಲಾಂಡ್ರಿಯ ಮಾಲೀಕರಾದ ನೀವು ನಮ್ಮ ಜೂನ್ ತಿಂಗಳ ರೇಸಿಗೆ ಪ್ರಾಯೋಜಕರಾಗಬೇಕು. ಬಟ್ಟೆ ಒಗೆದು ಕೊಟ್ಟರೆ ಸಾಕು, ಗಂಜಿ ಬೇಡ. ಬೋರ್ಡಿನ ಮೇಲೆ ಈಗ ಏನಿದೆಯೋ ಅದನ್ನೇ ಬರೆಸುತ್ತೇನೆ, ಬರೀ ‘ಅಕ್ಕ’ ಎಂದಿದ್ದರೂ ಸರಿ.

ಬರುತ್ತೀಯಾ?

ತಮ್ಮ


ಮೇ ೨೫

ಗಡಿಬಿಡಿಗೆ,

ಏಣಿ ತರಿಸಿದ್ದು ಬೋರ್ಡಿನ ಮೇಲಿನ ಬಲ್ಬು ಹೋಗಿತ್ತು ಎಂದು. ನೀನು ರಾತ್ರಿ ತಿರುಗಿ ಬಂದರೆ ಅಂಗಡಿ ಕತ್ತಲಲ್ಲಿ ಇರಬಾರದು ಎಂದು. ತಿರುವಿನವರೆಗೆ ಹೋದವನು ಇನ್ನೊಂದು ನಿಮಿಷ ನಿಂತು ನೋಡಿದ್ದರೆ ಮೂರು ವರ್ಷ ಉಳಿಯುತ್ತಿತ್ತು. ನಿನಗೆ ಎಲ್ಲದಕ್ಕೂ ಗಡಿಬಿಡಿ.

ಬೋರ್ಡು ಬರೆದವರ ಮಗನೇ ಈ ಅಂಟಿಸುವ ಹಾಳೆಗಳನ್ನು ಮಾಡಿಕೊಟ್ಟಿದ್ದಾನೆ. ಮುಂದಿನ ಎರಡು ಬಾಗಿಲಿಗೂ ಅಂಟಿಸು. ಅಮ್ಮನ ಬೋರ್ಡಿನಲ್ಲಿ ಇದ್ದ ಹಾಗೇ ಇದೆ, ಒಂದಕ್ಷರ ಕಡಿಮೆಯಿಲ್ಲ. ಸೂಟುಗಳು ಬೇರೆ ಪೆಟ್ಟಿಗೆಯಲ್ಲಿವೆ. ಇಸ್ತ್ರಿಯಣ್ಣ ‘ಗಂಜಿ ಇಲ್ಲ’ ಎಂದು ಪ್ರತಿಯೊಂದಕ್ಕೂ ಚೀಟಿ ಸಿಕ್ಕಿಸಿದ್ದಾನೆ. ಹಾಕಿಕೊಳ್ಳುವ ಮೊದಲು ತೆಗೆಯಿರಿ.

ಬರುತ್ತೇನೋ ಇಲ್ಲವೋ ಎಂದು ಈಗಲೇ ಹೇಳುವುದಿಲ್ಲ. ಹಲ್ಲುನೋವು ಯಾವಾಗ ಬರುತ್ತದೆ ಎಂದು ಯಾರಿಗೆ ಗೊತ್ತು?

ಪ್ರಾಯೋಜಕಿ,
ಅಕ್ಕ


ಜೂನ್ ೧೬

ಗಡಿಬಿಡಿಗೆ,

ಇಸ್ತ್ರಿಯಣ್ಣನನ್ನೂ ಕರೆದುಕೊಂಡು ಬಂದೆ, ಅವನಿಗೂ ಹಲ್ಲುನೋವಂತೆ. ರೇಸು ಮುಗಿದ ಮೇಲೆ ನೀನು ಬರುತ್ತೀಯ ಎಂದು ಕಾಯುತ್ತಿದ್ದೆವು, ಆದರೆ ನಿನ್ನ ಸುತ್ತ ಅಷ್ಟು ಜನ, ನಮಗೆ ಕೊನೆಯ ಬಸ್ಸು. ಅದಕ್ಕೆ ಬರೆದೇ ಹೇಳುತ್ತಿದ್ದೇನೆ.

ಗ್ಯಾಲರಿ ಪೂರ್ತಿ ತುಂಬಿರಲಿಲ್ಲ, ಮೇಲಿನ ಎರಡು ಸಾಲು ಖಾಲಿ ಇತ್ತು. ಆದರೆ ಮೊದಲ ಗಾಡಿ ವಾಪಸ್ ಬಂದಾಗ ಏನಾಯಿತು ಎಂದು ನೀನು ನೋಡಲಿಲ್ಲ, ನಿನ್ನ ಸರದಿ ಬಂದಿರಲಿಲ್ಲ. ಕಿಟಕಿ ಇಳಿಸಿ ಒಬ್ಬ ಹುಡುಗ ತಲೆ ಬಗ್ಗಿಸಿಕೊಂಡು ಬಂದ. ಸೋತಿದ್ದ. ಕೆಳಗಿನ ಸಾಲಿನ ಅಜ್ಜಿಯೊಬ್ಬಳು ಎದ್ದು ನಿಂತು ಚಪ್ಪಾಳೆ ತಟ್ಟಿದಳು, ನೋಡನೋಡುತ್ತ ಎಲ್ಲರೂ ತಟ್ಟಿದರು. ಹುಡುಗ ತಲೆ ಎತ್ತಿ ನೋಡಿದ. ಹೋಗುವಾಗ ಯಾರಿಗೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

ನನ್ನ ಪಕ್ಕ ಕೂತಿದ್ದವರು ಬ್ಯಾಟರಿ ಅಂಗಡಿಯವರು ಎಂದು ಆಮೇಲೆ ತಿಳಿಯಿತು. ನಿನ್ನ ಗಾಡಿ ಬಂದಾಗ ಅವರು ಬೆರಳಿಟ್ಟು ಗಾಳಿಯಲ್ಲೇ ಓದಿದರು, ಅಕ್ಕ, ತಮ್ಮ, ಲಾಂಡ್ರಿ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, “ಯಾರಮ್ಮ ಈ ಅಕ್ಕ-ತಮ್ಮ?” ಎಂದು ಕೂಗಿದರು. “ಅಕ್ಕ ನಾನೇ” ಎಂದೆ. ಅವರು ನನ್ನನ್ನೂ ಗಾಡಿಯನ್ನೂ ನೋಡಿ, ಹಿಂದಿನ ಬಾಗಿಲು ಖಾಲಿ ಇದೆಯೇ ಎಂದು ಕೇಳಿದರು. ತಮ್ಮನನ್ನು ಕೇಳಿ ಎಂದಿದ್ದೇನೆ. ಬಂದಿರಬೇಕು.

ಇಸ್ತ್ರಿಯಣ್ಣ ಹೇಳುತ್ತಾನೆ, ನೀನು ಆವತ್ತು ಕೂದಲೆಳೆಯಲ್ಲಿ ಸೋತೆಯಂತೆ. ನನಗೆ ಗೊತ್ತಾಗಲಿಲ್ಲ. ಹಸಿರು ಹತ್ತಿದಾಗ ನಾನು ಆ ಕಡೆ ನೋಡಲೇ ಇಲ್ಲ. ಹೋಗುವುದನ್ನು ಸಾಕಷ್ಟು ನೋಡಿದ್ದೇನೆ. ಬರುವ ಕಡೆಗೇ ಮುಖ ಮಾಡಿ ಕೂತಿದ್ದೆ.

ಬಂದೆಯಲ್ಲ. ಕೆನ್ನೆ ಬತ್ತಿದೆ, ಕಣ್ಣು ಅಪ್ಪನದೇ ಆಗಿದೆ. ಗಾಡಿ ನನ್ನ ಎದುರಿಗೇ ನಿಲ್ಲಿಸಿದೆ. ಕಿಟಕಿಯಿಂದ ಕತ್ತು ಹೊರಗೆ ಹಾಕಿ ಏನೋ ಹೇಳಿದೆ. ಎಂಜಿನ್ ಆರಿಸಿರಲಿಲ್ಲ, ನನ್ನ ಕಿವಿ ನಿನಗೆ ಗೊತ್ತೇ ಇದೆ. ಹಿಂದೆ ಗಾಡಿಗಳು ನಿಂತಿದ್ದವು, ಹೋಗು ಹೋಗು ಎಂದು ನಾನು ಕೈ ಬೀಸಿದೆ. ನೀನು ಮತ್ತೊಮ್ಮೆ ಹೇಳಿದೆ. ನಾನು ಮತ್ತೂ ಕೈ ಬೀಸಿದೆ. ಏನು ಹೇಳಿದೆ ಎಂದು ಬರಿ. ಅವತ್ತಿನಿಂದ ಅದೇ ಯೋಚನೆ.

ನಿನ್ನ ಅಕ್ಕ


ಜೂನ್ ೨೪

ಅಕ್ಕ,

ಯಜಮಾನರು ಇನ್ನೊಂದು ವರ್ಷ ಕೊಟ್ಟರು. “ಗೋಡೌನಿಗೆ ಯಾರೂ ಚಪ್ಪಾಳೆ ತಟ್ಟಲ್ಲ, ಇನ್ನೊಂದ್ ವರ್ಷ ನಡೆಸ್ರಪ್ಪ” ಎಂದರು. ಬ್ಯಾಟರಿಯವರಿಗೆ ಹಿಂದಿನ ಬಾಗಿಲು ಕೊಟ್ಟೆ. 

ಪಾನಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ರೇಸಿನ ಹಿಂದಿನ ದಿನ, ಅವಳು ಬೇಡ ಬೇಡ ಎಂದರೂ ಕೇಳದೆ, ಕಿತ್ತು ಹಾಕಿದ್ದ ಪಕ್ಕದ ಸೀಟನ್ನು ಹುಡುಕಿ ತೆಗೆದು, ಒರೆಸಿ, ಗಾಡಿಗೆ ಮತ್ತೆ ಬಿಗಿದೆ. ಅಷ್ಟು ಭಾರಕ್ಕೆ ಸೋಲುತ್ತೀಯ ಎಂದು ಅವಳು ಹೇಳಿದ್ದಳು. ಹೇಳಿದ ಹಾಗೇ ಆಯಿತು.

ನಾನು ಹೇಳಿದ್ದು ಇಷ್ಟೇ, ಎರಡು ಸಲವೂ ಅದನ್ನೇ ಹೇಳಿದೆ: “ಹತ್ತು ಅಕ್ಕ, ಜೊತೇಲಿ ಹೋಗೋಣ.”

ನೀನು ಕೈ ಬೀಸುತ್ತಲೇ ಇದ್ದೆ. ಸೀಟು ಇನ್ನೂ ಬಿಚ್ಚಿಲ್ಲ.

ತಮ್ಮ